ಲಾಸ್ ಆದ ದಿನದ ಮಧ್ಯಾಹ್ನ

ಕೇಳುಗರಿಗೆಲ್ಲ ನಮಸ್ಕಾರ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿದವರಿಗೆ ರೇಟಿನ ಆಟ ಹೊಸದಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋದ ಕಾಲವೂ ಉಂಟು. ಇಲ್ಲಿ ಮಾಲು ಕೊಂಡು ಹೊರರಾಜ್ಯಕ್ಕೆ ಕಳಿಸುವ ವ್ಯಾಪಾರಿಗೆ, ಲಾರಿ ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ರೇಟು ಬಿದ್ದಿರುತ್ತದೆ. ಅವನು ಗೊಣಗುತ್ತಾನೆ, ಲೆಕ್ಕ ಬರೆಯುತ್ತಾನೆ, ಮಾರನೇ ದಿನ ಮತ್ತೆ ಹರಾಜಿಗೆ ನಿಲ್ಲುತ್ತಾನೆ. ಹೋದ ದುಡ್ಡು ಸಂಜೆಯೊಳಗೇ ವಾಪಸ್ ಬರಬೇಕು ಅಂತ ಸಾಲ ತಂದು ಹತ್ತು ಲಾರಿ ತುಂಬಿಸುವುದಿಲ್ಲ.

ಷೇರು ಪೇಟೆಯಲ್ಲಿ ದಿನದ ವ್ಯಾಪಾರ ಮಾಡುವ ಎಷ್ಟೋ ಹುಡುಗರು ಹಾಗೇ ತುಂಬಿಸುತ್ತಾರೆ. 9.15ಕ್ಕೆ ಪೇಟೆ ಶುರು. ಹತ್ತು ಗಂಟೆಗೆ ಆಪ್ಷನ್‌ನಲ್ಲಿ, ಅಂದರೆ ರೇಟು ಏರುತ್ತೋ ಬೀಳುತ್ತೋ ಎಂಬುದರ ಮೇಲೆ ಮಾಡುವ ಕರಾರಿನಲ್ಲಿ, ನಾಲ್ಕು ಸಾವಿರ ಹೋಯಿತು ಅನ್ನಿ. ಅಲ್ಲಿಗೆ ನಿಲ್ಲಿಸಿದ್ದರೆ ಅದು ಒಂದು ಮಾಮೂಲಿ ಕೆಟ್ಟ ದಿನ. ನಿಲ್ಲಿಸುವುದಿಲ್ಲ. ಲಾಟ್, ಅಂದರೆ ಒಮ್ಮೆಗೆ ಕೊಳ್ಳುವ ಪ್ರಮಾಣ, ಡಬಲ್ ಆಗುತ್ತದೆ, ಬೀಳುತ್ತಿರುವುದನ್ನೇ ಇನ್ನಷ್ಟು ಕೊಂಡು ‘ಅವರೇಜ್’ ಮಾಡುತ್ತಾರೆ. 3.30ಕ್ಕೆ ನೋಡಿದರೆ ನಲವತ್ತು ಸಾವಿರ ಖಾಲಿ. ಇದರಲ್ಲಿ ನಾಲ್ಕು ಸಾವಿರ ವ್ಯಾಪಾರದ ಲಾಸು. ಮಿಕ್ಕ ಮೂವತ್ತಾರು ರೋಷದ ಲಾಸು.

ಇದು ಬುದ್ಧಿ ಇಲ್ಲದವರ ಕಥೆಯಲ್ಲ. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದಾರೆ: ಬಂದ ದುಡ್ಡಿನ ಖುಷಿಗಿಂತ ಅಷ್ಟೇ ದುಡ್ಡು ಕಳೆದುಕೊಂಡ ನೋವು ಜಾಸ್ತಿ. ಆ ನೋವು ತಪ್ಪಿಸಿಕೊಳ್ಳಲು ಮನುಷ್ಯ ಇನ್ನೂ ದೊಡ್ಡ ರಿಸ್ಕ್‌ಗೆ ಕೈ ಹಾಕುತ್ತಾನೆ.

ಹಾಗಾಗಿ ಲಾಸಿನ ಮಿತಿಯನ್ನು ಪೇಟೆ ತೆರೆಯುವ ಮುಂಚೆಯೇ, ತಲೆ ತಣ್ಣಗಿದ್ದಾಗ ಬರೆದಿಡಬೇಕು. ಬಂಡವಾಳ ಎರಡು ಲಕ್ಷ ಇದ್ದರೆ ಒಂದು ಟ್ರೇಡಿಗೆ ಎರಡು ಸಾವಿರ, ಇಡೀ ದಿನಕ್ಕೆ ನಾಲ್ಕು ಸಾವಿರ. ಅಷ್ಟು ಹೋದ ಮೇಲೆ ಆ ದಿನದ ಅಂಗಡಿ ಬಂದ್. ಕೆಲವು ಬ್ರೋಕರ್ ಆಪ್‌ಗಳಲ್ಲಿ ‘ಕಿಲ್ ಸ್ವಿಚ್’ ಇದೆ, ಒತ್ತಿದರೆ ಸ್ವಲ್ಪ ಹೊತ್ತು ನೀವೇ ಬೇಡಿದರೂ ಆರ್ಡರ್ ಹೋಗುವುದಿಲ್ಲ. ಒತ್ತಿ, ನಾಚಿಕೆ ಏನಿಲ್ಲ. ಇಂಥ ರೇಟಿಗೆ ಬಿದ್ದರೆ ತಾನಾಗಿಯೇ ಮಾರಿಬಿಡು ಅಂತ ಮೊದಲೇ ಕೊಟ್ಟಿಡುವ ಆರ್ಡರ್‌ಗೆ ‘ಸ್ಟಾಪ್ ಲಾಸ್’ ಅನ್ನುತ್ತಾರೆ, ಅದನ್ನು ಹಾಕಿದ್ದೇನೆ ಅಂತ ಪೂರ್ತಿ ನಿಶ್ಚಿಂತೆಯೂ ಬೇಡ. 2024ರ ಜೂನ್ 4, ವೋಟು ಎಣಿಕೆಯ ದಿನ, ಷೇರು ಪೇಟೆಯ ಸೂಚ್ಯಂಕ ನಿಫ್ಟಿ ಹೆಚ್ಚುಕಡಿಮೆ ಶೇಕಡ 6 ಬಿತ್ತು. ಅಂಥ ದಿನ ನೀವು ಹಾಕಿದ ರೇಟಿಗಿಂತ ಕೆಳಗೂ ಮಾರಾಟ ಆಗಬಹುದು.

ಮಿತಿ ಯಾಕೆ ಅಂದರೆ, ಶೇಕಡ 10 ಹೋದರೆ ಮತ್ತೆ ಮೊದಲಿನ ಜಾಗಕ್ಕೆ ಬರಲು ಸುಮಾರು ಶೇಕಡ 11 ದುಡಿದರೆ ಸಾಕು. ಅರ್ಧ ಹೋದರೆ ಇರುವುದನ್ನು ಎರಡರಷ್ಟು ಮಾಡಬೇಕು. ಹೇಳಿ, ಯಾವ ಬ್ಯಾಂಕ್ ಕೊಡುತ್ತದೆ ಆ ಬಡ್ಡಿ?

ಇಷ್ಟೆಲ್ಲ ಮಾಡಿದರೆ ಗೆಲ್ಲುತ್ತೀರಿ ಅಂತ ನಾನು ಹೇಳುವುದಿಲ್ಲ. ಷೇರು ಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕದಂತೆ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಆಪ್ಷನ್ಸ್ ಮತ್ತು ಅದೇ ಥರ ಮುಂದಿನ ರೇಟಿನ ಮೇಲೆ ಕರಾರು ಮಾಡುವ ಫ್ಯೂಚರ್ಸ್ ವ್ಯಾಪಾರ ಮಾಡಿದ ಜನಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಟೆಲಿಗ್ರಾಂನಲ್ಲಿ ಟಿಪ್ಸ್ ಮಾರುವವರು ಈ ಲೆಕ್ಕ ಹೇಳುವುದಿಲ್ಲ, ಅಲ್ವಾ? ತಿಂಗಳುಗಟ್ಟಲೆ ಮಿತಿ ಪಾಲಿಸಿಯೂ ಲಾಸೇ ಆಗುತ್ತಿದ್ದರೆ ಕೆಟ್ಟದ್ದು ದಿನವಲ್ಲ, ನಿಮ್ಮ ವಿಧಾನ. ಆಗ ಬಿಡುವುದೇ ಲಾಭ. ಅದಕ್ಕೂ ಮುಂಚೆ ಮನೆಯಲ್ಲಿ ಹೇಳಿ. ಬಚ್ಚಿಟ್ಟ ಲಾಸಿನ ಹಿಂದೆಯೇ ಕೈಸಾಲ ಬರುತ್ತದೆ.

ಇನ್ನೊಂದು ಮಾತು, ತುಂಬ ಜನ ಮರೆಯುವಂಥದ್ದು. ಲಾಸ್ ಆದ ವರ್ಷವೂ ಗಡುವಿನೊಳಗೆ ಐಟಿ ರಿಟರ್ನ್ ಹಾಕಿ. ಹಾಕಿದರೆ ಫ್ಯೂಚರ್ಸ್, ಆಪ್ಷನ್ಸ್ ನಷ್ಟವನ್ನು ಮುಂದಿನ 8 ವರ್ಷದವರೆಗೂ, ಷೇರನ್ನು ಅದೇ ದಿನ ಕೊಂಡು ಮಾರುವ ಇಂಟ್ರಾಡೇ ವ್ಯಾಪಾರದ ನಷ್ಟವನ್ನು 4 ವರ್ಷದವರೆಗೂ ಮುಂದಕ್ಕೆ ಒಯ್ಯಬಹುದು. ಇಂಟ್ರಾಡೇ ನಷ್ಟವನ್ನು ಅದೇ ಬಗೆಯ ಲಾಭದಲ್ಲಿ ಮಾತ್ರ ಕಳೆಯಲು ಬರುತ್ತದೆ. ಆಡಿಟರ್ ಹತ್ತಿರ ಹೋಗುವಾಗ ಬ್ರೋಕರ್ ಕೊಡುವ ವರ್ಷದ ಲಾಭ-ನಷ್ಟದ ಪಟ್ಟಿ ತೆಗೆದುಕೊಂಡು ಹೋಗಿ. ನಮಸ್ಕಾರ.