ಬಯಲುಸೀಮೆಯ ತೋಳ ಮತ್ತು ಅದರ ಹೊಟ್ಟೆಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮುಂಡರಗಿ, ಶಿರಹಟ್ಟಿ ಕಡೆಯ ಕುರಿಗಾರರು ಬಂದಿದ್ದೀರಿ, ಗದಗಿನ ಕಾಲೇಜು ವಿದ್ಯಾರ್ಥಿಗಳೂ ಇದ್ದೀರಿ. ತೋಳ ಎಂದ ಕೂಡಲೇ ಕುರಿಗಾರರಿಗೆ ಕಳೆದುಹೋದ ಮರಿ ನೆನಪಾಗುತ್ತದೆ, ವಿದ್ಯಾರ್ಥಿಗಳಿಗೆ ಮೊಬೈಲಿನಲ್ಲಿ ನೋಡಿದ ಯೆಲ್ಲೊಸ್ಟೋನಿನ ವಿಡಿಯೊ. ಆ ವಿಡಿಯೊದಿಂದಲೇ ಶುರು ಮಾಡೋಣ, ಏಕೆಂದರೆ ಅದರಲ್ಲಿ ಹೇಳುವುದು ಅರ್ಧ ಮಾತ್ರ.

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿದ್ದರು. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಹೆಚ್ಚಿ, ಹಳ್ಳದ ದಂಡೆಯ ವಿಲೋ ಗಿಡಗಳ ಚಿಗುರನ್ನೆಲ್ಲ ಮೇಯ್ದವು. ವಿಲೋ ಹೋದದ್ದರಿಂದ ಅದನ್ನೇ ತಿಂದು, ಅದರಿಂದಲೇ ಒಡ್ಡು ಕಟ್ಟುವ ಬೀವರ್ ಎಂಬ ಪ್ರಾಣಿ ಹೋಯಿತು. ಒಡ್ಡು ಒಡೆದ ಮೇಲೆ ಹಳ್ಳ ಆಳಕ್ಕೆ ಕೊರೆದುಕೊಂಡು, ನೆಲದೊಳಗಿನ ನೀರಿನ ಮಟ್ಟ ಇಳಿಯಿತು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು. ಎಲ್ಕ್ ಕಡಿಮೆಯಾದವು, ಕೆಲವು ಕಡೆ ಗಿಡಗಳು ಚೇತರಿಸಿಕೊಂಡವು. ವಿಡಿಯೊ ಇಲ್ಲಿಗೆ ಮುಗಿಯುತ್ತದೆ.

ಅಲ್ಲಿಯ ವಿಜ್ಞಾನಿಗಳು ಇಲ್ಲಿಗೆ ಬಿಡಲಿಲ್ಲ. 2001ರಿಂದ ಹಳ್ಳದ ದಂಡೆಯಲ್ಲಿ ತುಂಡು ಜಾಗಗಳನ್ನು ಆರಿಸಿ, ಕೆಲವಕ್ಕೆ ಜಿಂಕೆ ಬಾರದಂತೆ ಬೇಲಿ ಹಾಕಿದರು, ಕೆಲವು ಕಡೆ ಬೀವರ್ ಕಟ್ಟಿದಂಥ ಒಡ್ಡು ಹಾಕಿ ನೀರು ಏರಿಸಿದರು, ಇನ್ನು ಕೆಲವಕ್ಕೆ ಎರಡನ್ನೂ ಮಾಡಿದರು. ಬೇಲಿ, ಒಡ್ಡು ಎರಡೂ ಇದ್ದಲ್ಲಿ ವಿಲೋ ಎತ್ತರಕ್ಕೆ ಬೆಳೆಯಿತು. ಬರೀ ಬೇಲಿ ಇದ್ದಲ್ಲಿ ಅಷ್ಟು ಬೆಳೆಯಲಿಲ್ಲ. ಎಪ್ಪತ್ತು ವರ್ಷ ತೋಳ ಇಲ್ಲದೆ ಕಳೆದ ಜಾಗಕ್ಕೆ ತೋಳ ಮರಳಿದರೂ, ಕೆಳಗಿಳಿದ ನೀರು ತಾನಾಗಿ ಮೇಲೆ ಬರುವುದಿಲ್ಲ. ಅಲ್ಲದೆ ಎಲ್ಕ್ ಇಳಿದದ್ದಕ್ಕೆ ತೋಳವೊಂದೇ ಕಾರಣವೂ ಅಲ್ಲ; ಕರಡಿ, ಮನುಷ್ಯರ ಬೇಟೆ, ಬರಗಾಲ ಎಲ್ಲಕ್ಕೂ ಅದರಲ್ಲಿ ಪಾಲಿದೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ತೋಳ ಅಲ್ಲಿಯದಕ್ಕಿಂತ ಬಹಳ ಸಣ್ಣದು, ತೂಕ ಸುಮಾರು 20 ಕೆ.ಜಿ. ದಟ್ಟ ಕಾಡು ಅದಕ್ಕೆ ಬೇಡ, ಹುಲ್ಲು, ಕುರುಚಲು, ಹಳ್ಳದ ಬದಿ ಇದ್ದರೆ ಸಾಕು. ಒಂದು ತೋಳಕ್ಕೆ ದಿನಕ್ಕೆ ಸರಾಸರಿ ಒಂದೂಮುಕ್ಕಾಲು ಕೆ.ಜಿ. ಮಾಂಸ ಬೇಕು ಎಂದು ಹಿಡಿಯಿರಿ. ಐದು ತೋಳದ ಗುಂಪಿಗೆ ವರ್ಷಕ್ಕೆ ಮೂರು ಟನ್ನಿಗೂ ಮೇಲಾಯಿತು. ಒಂದು ಚಿಗರಿಯಿಂದ, ಅಂದರೆ ಕೃಷ್ಣಮೃಗದಿಂದ, 24 ಕೆ.ಜಿ. ತಿನ್ನಲು ಸಿಕ್ಕರೆ 130ಕ್ಕೂ ಹೆಚ್ಚು ಚಿಗರಿ ಬೇಕು. ವರ್ಷಕ್ಕೆ ಐದರಲ್ಲೊಂದು ಹೋದರೂ ಚಿಗರಿ ಹಿಂಡು ತಾಳಿಕೊಳ್ಳುತ್ತದೆ ಎಂದುಕೊಂಡರೆ, ಆ ಒಂದೇ ಗುಂಪಿನ ಬೆನ್ನಿಗೆ ಸುಮಾರು 650ರಿಂದ 700 ಚಿಗರಿ ಇರಬೇಕು. ಇದು ಕಾಗದದ ಮೇಲಿನ ಅಂದಾಜು. ತೋಳ ಮೊಲ, ಇಲಿಯನ್ನೂ ತಿನ್ನುತ್ತದೆ. ಆದರೂ ಅಷ್ಟು ಚಿಗರಿ ಮೇಯುವ ಹುಲ್ಲು ಎಲ್ಲಿದೆ, ಹೇಳಿ. ದನ-ಕುರಿ ಮೇಯುವ ಗಾಯರಾಣ ಹೊಲವಾಯಿತು, ಮಿಕ್ಕದ್ದರಲ್ಲಿ ಗರಸು ತೆಗೆದರು, ಉಳಿದದ್ದಕ್ಕೆ ‘ಪಾಳು ಭೂಮಿ’ ಎಂದು ಹೆಸರಿಟ್ಟು ಸಸಿ ನೆಟ್ಟರು.

ಸಸಿ ನೆಟ್ಟದ್ದರಿಂದ ಏನು ಹಾನಿ ಎಂದು ಕೇಳುವವರು ರಾಣೆಬೆನ್ನೂರಿಗೆ ಹೋಗಿ ನೋಡಬೇಕು. 1974ರಲ್ಲಿ ಘೋಷಣೆಯಾದ ಆ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ. ಬಯಲಿನ ಪ್ರಾಣಿಗೆಂದು ಇಟ್ಟ ಆ ಜಾಗದ ಬಹುಪಾಲು ನೀಲಗಿರಿ ತೋಪಾಯಿತು. ಚಿಗರಿ ದೂರದಿಂದ ವೈರಿಯನ್ನು ಕಂಡು, ಓಡಿ ಬದುಕುವ ಪ್ರಾಣಿ, ಸಾಲುಮರದೊಳಗೆ ಅದಕ್ಕೆ ಕಣ್ಣೂ ಕಾಲೂ ಕಟ್ಟಿದಂತೆ. ಅದು ಹುಲ್ಲು ಹುಡುಕಿ ಸುತ್ತಲಿನ ಗೋವಿನಜೋಳಕ್ಕೆ ಇಳಿಯುತ್ತದೆ, ಆಮೇಲೆ ರೈತ ಅರಣ್ಯ ಇಲಾಖೆಯನ್ನು ಬೈಯುತ್ತಾನೆ. ಬಯಲನ್ನೇ ನಂಬಿದ್ದ ಎರ್ಲಡ್ಡು ಹಕ್ಕಿ ಅಲ್ಲಿಂದ ಕಾಣೆಯಾಯಿತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ, ಸುಮಾರು 244 ಚದರ ಕಿಲೋಮೀಟರ್. ಅಲ್ಲಿ ತೋಳವೂ ಇದೆ, ಕತ್ತೆಕಿರುಬವೂ ಇದೆ. ಅಲ್ಲಿಯ ಹುಲ್ಲಿನ ಇಳಿಜಾರುಗಳಲ್ಲಿ ಸಾಲು ಗುಂಡಿ ತೋಡುವ ಮೊದಲು ರಾಣೆಬೆನ್ನೂರನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಚಿಗರಿ ಇಲ್ಲದ ಕಡೆ ತೋಳಕ್ಕೆ ಕುರಿಮರಿಯೇ ಗತಿ. ಅಂದರೆ ನಮ್ಮಲ್ಲಿ ಬೇಟೆಗಾರ ಪ್ರಾಣಿಗೂ ಹುಲ್ಲಿಗೂ ನಡುವೆ ನಿಂತಿರುವುದು ಕುರಿಗಾರ. ಯೆಲ್ಲೊಸ್ಟೋನಿನ ಪಾಠವನ್ನು ಇಲ್ಲಿಗೆ ಹಾಗೇ ತಂದು ಅಂಟಿಸಲಾಗದು ಎಂದು ನಾನು ಹೇಳುವುದು ಇದಕ್ಕೇ.

‘ತೋಳ ಹೋದರೆ ಹೋಗಲಿ’ ಎನ್ನುವವರು ಅದರ ಜಾಗಕ್ಕೆ ಯಾರು ಬರುತ್ತಾರೆ ಎಂದು ನೋಡಬೇಕು. ಯೆಲ್ಲೊಸ್ಟೋನಿನಲ್ಲಿ ತೋಳ ಇಲ್ಲದಾಗ ಕಯೋಟಿ ಎಂಬ ನರಿಯಂಥ ಪ್ರಾಣಿ ಹೆಚ್ಚಿತ್ತು. ತೋಳ ಬಂದ ಮೇಲೆ ಅದು ತಗ್ಗಿ, ಪ್ರಾಂಗ್‌ಹಾರ್ನ್ ಎಂಬ ಚಿಗರಿಯಂಥ ಪ್ರಾಣಿಯ ಮರಿಗಳು ಹೆಚ್ಚು ಬದುಕಿದವು. ನಮ್ಮಲ್ಲಿ ಆ ಜಾಗಕ್ಕೆ ಬಂದಿರುವುದು ಬೀದಿನಾಯಿ. ತೋಳಕ್ಕೂ ನಾಯಿಗೂ ದೊಡ್ಡ ಅಂತರ ಇಲ್ಲಿದೆ: ಬೇಟೆ ಕಡಿಮೆಯಾದರೆ ತೋಳದ ಮರಿ ಬದುಕುವುದಿಲ್ಲ, ಸಂಖ್ಯೆ ತಾನಾಗಿ ಇಳಿಯುತ್ತದೆ. ನಾಯಿಗೆ ಕೋಳಿ ಅಂಗಡಿಯ ಕಸ ಇದೆ, ಮದುವೆ ಮಂಟಪದ ಎಂಜಲು ಇದೆ. ಚಿಗರಿ ಪೂರ್ತಿ ಮುಗಿದರೂ ಅದರ ಸಂಖ್ಯೆ ಇಳಿಯದು. ಮೇಲೆ ನಾಯಿಯಿಂದ ಹರಡುವ ರೇಬೀಸ್, ಡಿಸ್ಟೆಂಪರ್ ರೋಗಗಳು ಬೇರೆ. ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ 1980ರಲ್ಲಿ 50 ತೋಳ ಇದ್ದವು. ನಾಯಿಯಿಂದ ಬಂತೆನ್ನಲಾದ ಪಾರ್ವೋ ವೈರಸ್ಸಿನಿಂದ 1982ಕ್ಕೆ 14 ಉಳಿದವು. ಆಮೇಲೆ ಅಲ್ಲಿಯ ಮೂಸ್ ಜಿಂಕೆಗಳು ಏರುತ್ತ ಹೋಗಿ, 1996ರ ಕಠಿಣ ಚಳಿಗಾಲದಲ್ಲಿ ಮೇವಿಲ್ಲದೆ ರಾಶಿ ರಾಶಿ ಸತ್ತವು.

ಹಾಗಾದರೆ ಕುರಿಗಾರರು ಮಾಡುವುದೇನು? ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದಾಗ ಬಲೆ ಕಟ್ಟುತ್ತೀರಿ, ಸರಿ. ತೋಳ ಸಾಮಾನ್ಯವಾಗಿ ಅದನ್ನು ಹಾರಲು ಹೋಗುವುದಿಲ್ಲ, ಅಡಿಯಿಂದ ನುಸುಳುತ್ತದೆ. ಬಲೆಯ ಕೆಳಗಿನ ಅಂಚನ್ನು ಎರಡೆರಡು ಅಡಿಗೆ ಗೂಟ ಹೊಡೆದು ಬಿಗಿಯಬೇಕು, ಎರೆ ನೆಲ ಬಿರುಕುಬಿಟ್ಟ ಕಡೆ ಗೂಟ ನಿಲ್ಲದಿದ್ದರೆ ಕಲ್ಲು ಹೇರಬೇಕು. ಮರಿಗಳ ಬಲೆ ಅಂಚಿನಲ್ಲಿ ಬೇಡ, ಹಿಂಡಿನ ನಡುವೆ ಇರಲಿ. ಒಂದೇ ಜಾಗದಲ್ಲಿ ಉರಿಯುವ ದೀಪಕ್ಕೆ ತೋಳ ನಾಲ್ಕು ದಿನದಲ್ಲಿ ಒಗ್ಗಿಕೊಳ್ಳುತ್ತದೆ, ಜಾಗ ಬದಲಿಸುತ್ತಿರಿ. ಸತ್ತ ಕುರಿಯನ್ನು ಹಳ್ಳಕ್ಕೆ ಎಸೆದರೆ ನಾಯಿ, ತೋಳ ಎರಡನ್ನೂ ನೀವೇ ಕರೆದಂತೆ. ಸುಣ್ಣ ಹಾಕಿ ಆಳಕ್ಕೆ ಹೂಳಿ. ನಿಮ್ಮ ನಾಯಿಗಳಿಗೆ ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು ತಪ್ಪಿಸಬೇಡಿ.

ಬಿಲಕ್ಕೆ ಹೊಗೆ ಹಾಕುವುದು, ಸತ್ತ ಕುರಿಗೆ ಕೀಟನಾಶಕ ಸವರುವುದು ಎರಡೂ ಅಪರಾಧ. ತೋಳ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕಾನೂನು ಬದಿಗಿರಲಿ, ಲಾಭವೂ ಇಲ್ಲ. ಹಿರಿಯ ಜೋಡಿ ಸತ್ತರೆ ಗುಂಪು ಒಡೆಯುತ್ತದೆ. ಒಂಟಿಯಾದ ಎಳೆಯ ತೋಳಕ್ಕೆ ಚಿಗರಿ ಹಿಡಿಯುವುದು ಕಷ್ಟ, ಮರಿ ಎತ್ತುವುದು ಸುಲಭ. ವಿಷವಂತೂ ಹದ್ದು, ಕತ್ತೆಕಿರುಬ, ನಿಮ್ಮದೇ ನಾಯಿ ಯಾವುದನ್ನೂ ಬಿಡುವುದಿಲ್ಲ.

ಪರಿಹಾರದ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಕೊಂದದ್ದು ತೋಳವೋ ನಾಯಿಯೋ ಎಂಬ ತಕರಾರಿನಲ್ಲಿ. ತೋಳ ಸಾಮಾನ್ಯವಾಗಿ ಗಂಟಲು ಹಿಡಿಯುತ್ತದೆ, ಮರಿಯಾದರೆ ಎತ್ತಿಕೊಂಡೇ ಹೋಗುತ್ತದೆ. ನಾಯಿಗಳು ಹಿಂಗಾಲು, ತೊಡೆ, ಬಾಲದ ಕಡೆ ಕಂಡಲ್ಲಿ ಕಚ್ಚಿ, ಹಲವು ಕುರಿ ಕೊಂದು ತಿನ್ನದೆ ಬಿಡುತ್ತವೆ. ನಡೆಯುವ ತೋಳದ ಹೆಜ್ಜೆಸಾಲು ನೇರವಾಗಿರುತ್ತದೆ, ನಾಯಿಯದು ಅತ್ತಿತ್ತ ಅಲೆಯುತ್ತದೆ. ಅದಕ್ಕೇ ಹೀಗೆ ಸತ್ತ ಕುರಿಯನ್ನು ಅವರು ಬಂದು ನೋಡುವವರೆಗೆ ಸರಿಸಬೇಡಿ, ಹೂಳಬೇಡಿ, ಕಿವಿಯ ಬಿಲ್ಲೆ ಕಾಣುವಂತೆ ಫೋಟೊ ತೆಗೆಯಿರಿ, ಅವತ್ತೇ ಅರಣ್ಯ ಗಾರ್ಡ್‌ಗೂ ಪಶುವೈದ್ಯರಿಗೂ ತಿಳಿಸಿ. ಮಳೆಯ ಮೋಡ ಕಂಡರೆ ಹೆಜ್ಜೆಗುರುತಿನ ಮೇಲೆ ಒಂದು ಬುಟ್ಟಿ ಬೋರಲು ಹಾಕಿ, ಮೇಲೆ ಕಲ್ಲಿಡಿ.