ಎಣ್ಣೆ ಹಾಕಿ ಕರೆಂಟು ತೆಗೆಯುವ ಲೆಕ್ಕ

ಕೇಳುಗರೇ, ನಮಸ್ಕಾರ.

ಜೂನ್ ಬಂತೆಂದರೆ ಹೆಬ್ರಿ, ಕಾರ್ಕಳ ಕಡೆಯ ತೋಟದ ಮನೆಗಳಲ್ಲಿ ಒಂದೇ ಮಾತು. ಲೈನಿನ ಮೇಲೆ ಮರ ಬಿದ್ದಿದೆ, ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ. ಕ್ಯಾನ್ ಹಿಡಿದು ಡೀಸೆಲ್‌ಗೆ ಪೇಟೆಗೆ ಓಡಾಟ ಶುರು. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ಡೀಸೆಲ್ ಯಾಕೆ ಮಾರಾಯ್ರೆ, ಅಡುಗೆ ಎಣ್ಣೆ ಹಾಕಿದರೆ ಜನರೇಟರ್ ಓಡುವುದಿಲ್ವಾ?" ಇಂಜಿನ್ ರಿಪೇರಿಯಲ್ಲಿರುವ ನನಗೆ ಇದು ಪ್ರತಿ ಮಳೆಗಾಲದ ಪ್ರಶ್ನೆ.

ಓಡುತ್ತದೆ. 1900ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ ನೆಲಗಡಲೆ ಎಣ್ಣೆಯಲ್ಲೇ ಓಡಿತ್ತು. ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ ಎಂದು ಇಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ 1912ರಲ್ಲಿ ಹೇಳಿಕೊಂಡಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲೇ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದವರು.

ಆದರೆ ಒಂದು ದಿನ ಓಡುವುದು ಬೇರೆ, ಐದು ವರ್ಷ ಬಾಳುವುದು ಬೇರೆ.

ತೊಂದರೆ ಇರುವುದು ದಪ್ಪದಲ್ಲಿ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಝಲ್ ಡೀಸೆಲನ್ನು ಮಂಜಿನ ಹಾಗೆ ಸಿಡಿಸಬೇಕು. ಮಂದ ಎಣ್ಣೆ ಹಾಗೆ ಸಿಡಿಯುವುದಿಲ್ಲ, ದಪ್ಪ ಹನಿಯಾಗಿ ಬೀಳುತ್ತದೆ, ಅರ್ಧಂಬರ್ಧ ಉರಿಯುತ್ತದೆ. ಉಳಿದದ್ದು ನಾಝಲ್ ತುದಿಯಲ್ಲಿ ಕರಿ ಕಟ್ಟುತ್ತದೆ. ಪಿಸ್ಟನ್ ರಿಂಗ್ ಅಂಟಿ ಕೂರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಉರಿಯದ ಎಣ್ಣೆ ಕೆಳಗಿಳಿದು ಇಂಜಿನ್ ಆಯಿಲ್ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಆಮೇಲೆ ಇಂಜಿನ್ ಬಿಚ್ಚದೆ ಗತಿಯಿಲ್ಲ.

ಇದಕ್ಕೆ ಮದ್ದು ಬಿಸಿ. ಎಣ್ಣೆಯನ್ನು 70, 80 ಡಿಗ್ರಿಗೆ ಕಾಯಿಸಿದರೆ ಸಾಕಷ್ಟು ತೆಳ್ಳಗಾಗುತ್ತದೆ. ಇಂಜಿನ್‌ನಿಂದ ಹೊರಬರುವ ಬಿಸಿ ನೀರನ್ನೇ ಇದಕ್ಕೆ ಬಳಸಬಹುದು. ಎರಡು ಟ್ಯಾಂಕ್ ಬೇಕು. ಸ್ಟಾರ್ಟ್ ಮಾಡುವುದು ಡೀಸೆಲ್‌ನಲ್ಲಿ. ಇಂಜಿನ್ ಬಿಸಿಯಾಗಿ ಲೋಡ್ ಹಿಡಿದ ಮೇಲೆ ಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಕೆಲವು ನಿಮಿಷ ಮತ್ತೆ ಡೀಸೆಲ್. ಜನ ಮರೆಯುವುದು ಈ ಕೊನೆಯದನ್ನೇ. ಪೈಪು, ಪಂಪಿನಲ್ಲಿ ಎಣ್ಣೆ ಹಾಗೇ ತಣಿದರೆ ಮರುದಿನ ಹ್ಯಾಂಡಲ್ ತಿರುಗಿಸಿ ಕೈ ನೋಯಿಸಿಕೊಳ್ಳುವುದಷ್ಟೇ. ತೆಂಗಿನೆಣ್ಣೆಯಂತೂ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಬಾಟಲಿ ನೋಡಿದ್ದೀರಲ್ವಾ?

ಎರಡು ಬಲ್ಬಿಗಾಗಿ ದೊಡ್ಡ ಜನರೇಟರ್ ಓಡಿಸುವುದೂ ತಪ್ಪು. ಲೋಡ್ ಕಡಿಮೆಯಾದರೆ ಒಳಗೆ ಬಿಸಿ ಸಾಲದೆ ಕರಿ ಜಾಸ್ತಿ ಕಟ್ಟುತ್ತದೆ. ನೀರಿನ ಪಂಪು, ಫ್ರಿಜ್ಜು ಎಲ್ಲ ಆಗಲೇ ಹಾಕಿಕೊಳ್ಳಿ.

ಇಂಜಿನ್ ಯಾವುದು? ನಿಧಾನವಾಗಿ ಟುಕ್ ಟುಕ್ ಎಂದು ತಿರುಗುವ, ನೀರಿನಲ್ಲಿ ತಣಿಯುವ ಲಿಸ್ಟರ್ ಎಂಬ ಇಂಗ್ಲಿಷ್ ಕಂಪನಿಯ ಹಳೆಯ ಮಾದರಿಯದ್ದು ಇದಕ್ಕೆ ಒಗ್ಗುತ್ತದೆ. ಗುಜರಾತಿನ ರಾಜ್‌ಕೋಟ್‌ನಲ್ಲಿ ಅದೇ ಮಾದರಿಯವನ್ನು ಬಹಳ ಕಾಲದಿಂದ ಮಾಡುತ್ತಾರೆ. ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವ ಹೊಸ ಸೈಲೆಂಟ್ ಜನರೇಟರಿಗೆ ಮಾತ್ರ ಎಣ್ಣೆ ಕುಡಿಸಲು ಹೋಗಬೇಡಿ. ಪಂಪು, ನಾಝಲ್ ಹೋದರೆ ವಾರಂಟಿಯೂ ಸಿಗುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಒಳ್ಳೆಯ ಲೋಡ್ ಇದ್ದರೆ ಒಂದು ಲೀಟರ್ ಎಣ್ಣೆಗೆ ಹೆಚ್ಚೆಂದರೆ ಮೂರು ಯೂನಿಟ್ ಕರೆಂಟು. ಬಳಸಿದ ಎಣ್ಣೆ ಲೀಟರಿಗೆ 60 ರೂಪಾಯಿ ಎಂದು ಹಿಡಿದರೂ ಯೂನಿಟ್‌ಗೆ 20 ರೂಪಾಯಿ ಬಿತ್ತು. ಮೆಸ್ಕಾಂ ಕರೆಂಟು ಇದಕ್ಕಿಂತ ಎಷ್ಟೋ ಅಗ್ಗ, ಗೃಹಜ್ಯೋತಿಯ ಮಿತಿಯೊಳಗೆ ಬಳಸುವವರಿಗಂತೂ ಬಿಲ್ಲೇ ಇಲ್ಲ. ಅಂಗಡಿಯ ಹೊಸ ತೆಂಗಿನೆಣ್ಣೆ ಸುರಿಯುವುದು ಶುದ್ಧ ಹುಚ್ಚು. 1990ರ ದಶಕದಲ್ಲಿ ಪಪುವಾ ನ್ಯೂಗಿನಿ ದೇಶದ ಬೂಗನ್‌ವಿಲ್ ದ್ವೀಪಕ್ಕೆ ಹೊರಗಿನಿಂದ ಇಂಧನ ಬರದಂತೆ ದಿಗ್ಬಂಧನ ಹಾಕಿದ್ದರು. ಅಲ್ಲಿನವರು ತೆಂಗಿನೆಣ್ಣೆಯಲ್ಲೇ ಗಾಡಿ, ಜನರೇಟರ್ ಓಡಿಸಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ.

ಹಾಗಾದರೆ ಇದು ಯಾರಿಗೆ? ಎಣ್ಣೆ ಕೈಯಲ್ಲೇ ಇರುವವರಿಗೆ. ಗೋಳಿಬಜೆ, ಬನ್ಸ್ ಕರಿಯುವ ಹೋಟೆಲ್, ಬಾಳೆಕಾಯಿ ಚಿಪ್ಸ್ ಮಾಡುವವರು, ಮದುವೆ ಅಡುಗೆಯವರು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಮಿತಿ ಹಾಕಿದೆ. ಆ ಎಣ್ಣೆ ತೋಡಿಗೆ ಸುರಿಯುವ ಬದಲು ಜನರೇಟರಿಗೆ ಹೋದರೆ ಲಾಭ. ಹೊಗೆ ಸ್ವಲ್ಪ ಕರಿದ ತಿಂಡಿಯ ವಾಸನೆ ಹೊಡೆಯುತ್ತದೆ, ಅಷ್ಟೇ. ಹೊಂಗೆ ಬೀಜ ಸಿಗುವ ತೋಟದವರಿಗೂ ಸರಿ. ಆ ಎಣ್ಣೆಯನ್ನು ಯಾರೂ ತಿನ್ನುವುದಿಲ್ಲ, ಹಿಂಡಿ ಅಡಿಕೆ ಮರದ ಬುಡಕ್ಕೆ ಗೊಬ್ಬರ.

ಕರಿದ ಎಣ್ಣೆಯನ್ನು ಸುಮ್ನೆ ಬಟ್ಟೆಯಲ್ಲಿ ಸೋಸಿದರೆ ಸಾಲದು. ಅದರಲ್ಲಿ ಹಿಟ್ಟು, ಉಪ್ಪು ಇರುತ್ತದೆ. ಎಲ್ಲಕ್ಕಿಂತ ನೀರು ಕೆಟ್ಟದ್ದು, ಪಂಪಿಗೆ ತುಕ್ಕು ಹಿಡಿಸುತ್ತದೆ. ಬಿಸಿ ಕಾವಲಿಗೆ ಒಂದು ಹನಿ ಹಾಕಿ. ಚಟಪಟ ಅಂದರೆ ನೀರಿದೆ. ನೀರು ಹೋಗುವವರೆಗೆ ಕಾಯಿಸಿ, ವಾರ ಇಟ್ಟು, ಮಡ್ಡಿ ಕದಡದೆ ಮೇಲಿನಿಂದ ತೆಗೆದು, ಸಣ್ಣ ಕಣ್ಣಿನ ಫಿಲ್ಟರಿನಲ್ಲಿ ಸೋಸಿ. ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿ ಬಯೋಡೀಸೆಲ್ ಮಾಡುವ ದಾರಿಯೂ ಇದೆ. ಮೆಥನಾಲ್ ವಿಷ, ಬೇಗ ಬೆಂಕಿ ಹಿಡಿಯುತ್ತದೆ. ಮನೆಯಲ್ಲಿ ಆ ಕೆಲಸ ಬೇಡ.

ಯಾವ ಎಣ್ಣೆಯೇ ಇರಲಿ, ಲೈನಿನ ಕರೆಂಟು, ಜನರೇಟರ್ ಕರೆಂಟು ಒಂದಕ್ಕೊಂದು ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಸೇರಿಸಬೇಡಿ. ನಿಮ್ಮ 230 ವೋಲ್ಟ್ ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರ್ ದಾಟಿದರೆ 11,000 ವೋಲ್ಟ್ ಆಗುತ್ತದೆ. ಆ ಹೊತ್ತಿಗೆ ಲೈನ್‌ಮ್ಯಾನ್ ಮಳೆಯಲ್ಲಿ ಕಂಬದ ಮೇಲಿರುತ್ತಾನೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆ ಸ್ವಿಚ್ ಹಾಕಿಸಿ. ಹೊಗೆಯ ಪೈಪು ಶೆಡ್ಡಿನ ಹೊರಗಿರಲಿ.

ನಮಸ್ಕಾರ.