ನವೋದಯ ಪರೀಕ್ಷೆ: ಮಗುವಿನ ತಪ್ಪನ್ನು ಓದುವುದು ಹೇಗೆ?

ಕೇಳುಗರೇ, ನಮಸ್ಕಾರ.

ಐದನೇ ತರಗತಿಯ ಮಗು ಇರುವ ಮನೆಯಲ್ಲಿ ನವೋದಯದ ಮಾತು ಬಂದೇ ಬರುತ್ತದೆ. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಗೆ ಮಕ್ಕಳನ್ನು ಆರಿಸಲು ದೇಶದ ಉದ್ದಗಲಕ್ಕೂ ನಡೆಯುವ ಪರೀಕ್ಷೆ ಇದು. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇಕಡಾ 75ರಷ್ಟು ಹಳ್ಳಿಯ ಮಕ್ಕಳಿಗೆ. ಮಗುವಿಗೆ ಸಿಗುವುದು ಒಂದೇ ಅವಕಾಶ. ಅದಕ್ಕೇ ಜೂನ್ ಬಂದ ಕೂಡಲೇ ದಪ್ಪನೆಯ ಗೈಡ್ ಮನೆಗೆ ಬರುತ್ತದೆ, ದಿನಕ್ಕೆ ನೂರು ಪ್ರಶ್ನೆ ಎಂದು ಲೆಕ್ಕ ಹಾಕುತ್ತಾರೆ. ದಿನಕ್ಕೆ ಇಪ್ಪತ್ತೇ ಮಾಡಿಸಿ, ಸಾಕು. ಆದರೆ ತಪ್ಪಾದ ಒಂದೊಂದಕ್ಕೂ ಪಕ್ಕದಲ್ಲಿ ಕುಳಿತು ಏಕೆ ತಪ್ಪಿತು ಎಂದು ನೋಡಿ.

ಮೊದಲು ಪ್ರಶ್ನೆಪತ್ರಿಕೆಯ ಅಳತೆ ತಿಳಿದಿರಲಿ. ಎರಡು ಗಂಟೆ, 80 ಪ್ರಶ್ನೆ, 100 ಅಂಕ, ಒಂದೊಂದಕ್ಕೆ ಒಂದೂಕಾಲು ಅಂಕ. ಮಾನಸಿಕ ಸಾಮರ್ಥ್ಯದ್ದು 40 ಪ್ರಶ್ನೆ, ಅಂಕಗಣಿತದ್ದು 20, ಭಾಷೆಯದ್ದು 20. ಮೂರರಲ್ಲೂ ಬೇರೆಬೇರೆಯಾಗಿ ಅರ್ಹತೆ ಪಡೆಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಒಟ್ಟು ಅಂಕದಲ್ಲಿ ಅರ್ಧದಷ್ಟು ಇರುವ ಮಾನಸಿಕ ಸಾಮರ್ಥ್ಯ ಯಾವ ಶಾಲೆಯ ವೇಳಾಪಟ್ಟಿಯಲ್ಲೂ ಇಲ್ಲ. ಎಲ್ಲವೂ ಚಿತ್ರಗಳೇ, ಓದಿ ಬಾಯಿಪಾಠ ಮಾಡುವಂಥದ್ದು ಒಂದೂ ಇಲ್ಲ. ಇಲ್ಲಿ ಗೈಡ್‌ಗಿಂತ ಮೊದಲು ಕೈಗೆ ಬರಬೇಕಾದದ್ದು ಹಳೆಯ ದಿನಪತ್ರಿಕೆ, ಕತ್ತರಿ, ಒಂದು ಪುಟ್ಟ ಕನ್ನಡಿ.

ಕಾಗದ ಮಡಿಸಿ ತೂತು ಮಾಡುವ ಪ್ರಶ್ನೆ ತೆಗೆದುಕೊಳ್ಳಿ. ಚೌಕಾಕಾರದ ಕಾಗದವನ್ನು ಎಡದಿಂದ ಬಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಇನ್ನೊಮ್ಮೆ ಮಡಿಸಿ. ಈಗ ನಾಲ್ಕು ಪದರ. ಒಂದು ತೂತು ಹಾಕಿದರೆ ಬಿಡಿಸಿದಾಗ ನಾಲ್ಕು. ಇಷ್ಟು ಎಲ್ಲ ಮಕ್ಕಳಿಗೂ ಬೇಗ ಹೊಳೆಯುತ್ತದೆ. ಆದರೆ ಆಯ್ಕೆಯ ನಾಲ್ಕು ಚಿತ್ರಗಳಲ್ಲೂ ನಾಲ್ಕು ನಾಲ್ಕು ತೂತೇ ಇದ್ದರೆ? ಎಣಿಸಿ ಉತ್ತರ ಹೇಳುವ ಮಗು ಬೀಳುವುದು ಅಲ್ಲೇ. ಎರಡು ಮಡಿಕೆಗಳು ಸೇರುವ ಮೂಲೆಯ ಹತ್ತಿರ ತೂತು ಹಾಕಿದರೆ ನಾಲ್ಕೂ ಕಾಗದದ ನಡುವೆ ಗುಂಪಾಗಿ ಬರುತ್ತವೆ. ಅದಕ್ಕೆ ಎದುರಿನ, ಅಂಚುಗಳು ಬಿಡಿಬಿಡಿಯಾಗಿರುವ ಮೂಲೆಯ ಹತ್ತಿರ ಹಾಕಿದರೆ ಕಾಗದದ ನಾಲ್ಕು ಮೂಲೆಗೆ ಹೋಗುತ್ತವೆ. ಮಡಿಕೆಯ ಗೆರೆಯ ಮೇಲೇ ಅರ್ಧಚಂದ್ರ ಕತ್ತರಿಸಿದರೆ ಬಿಡಿಸಿದಾಗ ಪೂರ್ತಿ ವೃತ್ತ. ಕಾಗದ ಬಿಡಿಸುವ ಮೊದಲು ಉತ್ತರವನ್ನು ಮಗು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಬೇಕು. ಮೊದಲೇ ಬಿಡಿಸಿ ನೋಡಿದರೆ ಅದು ಬರೀ ಆಟ, ಅಭ್ಯಾಸ ಆಗುವುದಿಲ್ಲ.

ಕನ್ನಡಿಯ ಪ್ರಶ್ನೆಯಲ್ಲಿ ಮಕ್ಕಳು ಚಿತ್ರವನ್ನು ನೋಡುತ್ತಾರೆ, ಕನ್ನಡಿ ಎಲ್ಲಿದೆ ಎಂದು ತೋರಿಸುವ ಗೆರೆಯನ್ನು ನೋಡುವುದಿಲ್ಲ. ಮೂರು ಗಂಟೆ ತೋರಿಸುವ ಗಡಿಯಾರ ಬರೆದು, ಬಲಪಕ್ಕ ಕನ್ನಡಿ ನಿಲ್ಲಿಸಿ. ಒಳಗೆ ಕಾಣುವುದು ಒಂಬತ್ತು ಗಂಟೆ. ಈಗ ಅದೇ ಕನ್ನಡಿಯನ್ನು ಚಿತ್ರದ ಕೆಳಗೆ ನಿಲ್ಲಿಸಿ. ಚಿಕ್ಕ ಮುಳ್ಳು ಬಲಕ್ಕೇ ಇರುತ್ತದೆ, ದೊಡ್ಡ ಮುಳ್ಳು ಮೇಲಿನಿಂದ ಕೆಳಕ್ಕೆ ಬರುತ್ತದೆ. ಗೆರೆಗೆ ಮೊದಲು ಬೆರಳಿಟ್ಟು, ಆಮೇಲೆ ಚಿತ್ರ ನೋಡುವ ರೂಢಿ ಮಾಡಿಸಿ.

ಗುಂಪಿಗೆ ಸೇರದ ಚಿತ್ರ ಹುಡುಕುವಾಗ ಒಂದು ಕ್ರಮ ಇರಲಿ: ಗೆರೆಗಳ ಸಂಖ್ಯೆ, ಬಣ್ಣ ತುಂಬಿದ ಭಾಗ, ಒಳಗಿರುವ ಗುರುತು, ಕೊನೆಗೆ ದಿಕ್ಕು. ಮೂರು ಚಿತ್ರಗಳು ತಿರುಗಿಸಿದವು, ಒಂದು ಕನ್ನಡಿಯ ಬಿಂಬ, ಹೀಗೆ ಕೊಟ್ಟರೆ ದೊಡ್ಡವರಿಗೂ ತಲೆ ತಿರುಗುತ್ತದೆ. ಅಂಥ ಕಡೆ ಪುಸ್ತಿಕೆಯನ್ನೇ ತಿರುಗಿಸಿ ನೋಡಬಹುದು ಎಂದು ಹೇಳಿಕೊಡಿ. ಅಲ್ಲಾಡದೆ ಕುಳಿತರೆ ಮಾತ್ರ ಒಳ್ಳೆಯ ಮಗು ಅನ್ನುವ ಭಯ ಎಷ್ಟೋ ಮಕ್ಕಳಿಗಿದೆ.

ಅಂಕಗಣಿತದಲ್ಲಿ ಪ್ರಶ್ನೆ ತೆಗೆಯುವವರಿಗೆ ಮಕ್ಕಳು ಎಲ್ಲಿ ಜಾರುತ್ತಾರೆ ಎಂದು ಚೆನ್ನಾಗಿ ಗೊತ್ತು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎನ್ನುತ್ತಾರೆ. ಆಯ್ಕೆಗಳಲ್ಲಿ ಅದೂ ಇರುತ್ತದೆ! ಅರ್ಧಕ್ಕೆ ಏನೋ ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬರಲು ಸಾಧ್ಯವೇ ಎಂದು ಕೇಳಿ. ಸರಿಯುತ್ತರ ಆರನೇ ಐದು. ದಶಮಾಂಶದಲ್ಲೂ ಅಷ್ಟೇ. 0.45 ಮತ್ತು 0.5ರಲ್ಲಿ 45 ದೊಡ್ಡದು ಅಂತ ಮೊದಲನೆಯದನ್ನು ಆರಿಸುತ್ತಾರೆ. 0.5ರ ಮುಂದೆ ಒಂದು ಸೊನ್ನೆ ಬರೆದು 0.50 ಮಾಡಿ ತೋರಿಸಿದರೆ ಗೊಂದಲ ಹೋಗುತ್ತದೆ.

ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ), ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಬಿಡಿಸಲು ಬರುತ್ತದೆ, ಯಾವಾಗ ಯಾವುದು ಎಂಬುದು ಬರುವುದಿಲ್ಲ. 6, 8, 12 ನಿಮಿಷಕ್ಕೊಮ್ಮೆ ಬಾರಿಸುವ ಗಂಟೆಗಳು ಮತ್ತೆ ಯಾವಾಗ ಒಟ್ಟಿಗೆ ಬಾರಿಸುತ್ತವೆ? ಅದು ಲ.ಸಾ.ಅ., 24 ನಿಮಿಷ. 24 ಲೀಟರ್, 36 ಲೀಟರ್ ಎಣ್ಣೆಯನ್ನು ಉಳಿಯದಂತೆ ಅಳೆಯುವ ಅತಿ ದೊಡ್ಡ ಅಳತೆ ಯಾವುದು? ಅದು ಮ.ಸಾ.ಅ., 12 ಲೀಟರ್. ಲೆಕ್ಕ ಬಿಡಿಸದೆ, ಇದು ಯಾವ ಲೆಕ್ಕ ಎಂದಷ್ಟೇ ಹೇಳುವ ಅಭ್ಯಾಸವನ್ನು ವಾರಕ್ಕೊಮ್ಮೆ ಮಾಡಿಸಿ.

ಭಾಷೆಯಲ್ಲಿ ಗದ್ಯಭಾಗ ಕೊಟ್ಟು ಅದರ ಕೆಳಗೆ ಪ್ರಶ್ನೆ ಕೇಳುತ್ತಾರೆ. ಜಾಣ ಮಕ್ಕಳೇ ಇಲ್ಲಿ ಹೆಚ್ಚು ಎಡವುತ್ತಾರೆ, ತಮಗೆ ಮೊದಲೇ ಗೊತ್ತಿದ್ದುದನ್ನು ಉತ್ತರಿಸಿಬಿಡುತ್ತಾರೆ. ಉತ್ತರ ಇರುವ ಸಾಲನ್ನು ಬೆರಳಿಟ್ಟು ತೋರಿಸಲಿ. ‘ಯಾವುದು ಸರಿಯಲ್ಲ’ ಎಂದು ಕೇಳಿದ ಕಡೆ ಆ ‘ಅಲ್ಲ’ಕ್ಕೆ ಅಡಿಗೆರೆ ಹಾಕಲಿ.

ಇನ್ನು ಒಎಂಆರ್ ಹಾಳೆ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆ. ಗೊತ್ತಿದ್ದ ಉತ್ತರವೂ ಕೈತಪ್ಪುವುದು ಇಲ್ಲಿ. ನೀಲಿ ಅಥವಾ ಕಪ್ಪು ಬಾಲ್‌ಪೆನ್ನಿನಲ್ಲೇ ವೃತ್ತ ತುಂಬಬೇಕು, ಪೆನ್ಸಿಲ್ ನಡೆಯದು, ಒಮ್ಮೆ ತುಂಬಿದ್ದನ್ನು ತಿದ್ದುವಂತಿಲ್ಲ. 23ನೆಯದು ಬಾರದೆಂದು ಬಿಟ್ಟು, 24ರ ಉತ್ತರವನ್ನು 23ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದಿನದೆಲ್ಲ ಜಾರುತ್ತಾ ಹೋಗುತ್ತದೆ. ಮಾದರಿ ಹಾಳೆಯನ್ನು ಜೆರಾಕ್ಸ್ ಮಾಡಿಸಿ. ಮಗು ಪ್ರಶ್ನೆಯ ಸಂಖ್ಯೆಯನ್ನು ಮನಸ್ಸಿನಲ್ಲೇ ಹೇಳಿಕೊಂಡು ತುಂಬಲಿ, ಹತ್ತು ಪ್ರಶ್ನೆಗೊಮ್ಮೆ ಎರಡೂ ಕಡೆಯ ಸಂಖ್ಯೆ ಹೊಂದಿಸಿ ನೋಡಲಿ. ಎಲ್ಲವನ್ನೂ ಪುಸ್ತಿಕೆಯಲ್ಲಿ ಗುರುತು ಹಾಕಿಕೊಂಡು ಕೊನೆಗೆ ಒಟ್ಟಿಗೆ ತುಂಬುತ್ತೇನೆ ಅನ್ನುವುದು ಹತ್ತು ವರ್ಷದ ಮಗುವಿಗೆ ಒಗ್ಗದ ಉಪಾಯ. ಸಮಯವೇ ಸಾಲುವುದಿಲ್ಲ.

ಗಡಿಯಾರ ಇಟ್ಟು ಮಾಡಿಸುವುದು ಕೊನೆಯ ಎರಡು ತಿಂಗಳು ಸಾಕು. ಚಿತ್ರಗಳಿಗೆ 60 ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೂ ಮುಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಭಾಷೆಯ ಸುಲಭದ ಅಂಕ ಉಳಿದುಹೋಗಿ ಆ ವಿಭಾಗದ ಅರ್ಹತೆಗೇ ಕುತ್ತು. ಕೊನೆಯ ಐದು ನಿಮಿಷದಲ್ಲಿ ಖಾಲಿ ಉಳಿದ ಸಾಲುಗಳಲ್ಲಿ ಒಂದೊಂದು ವೃತ್ತ ತುಂಬಿ ಬರಲಿ.

ಪರೀಕ್ಷೆ ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದೂವರೆಯಿಂದ ಮಧ್ಯಾಹ್ನ ಒಂದೂವರೆವರೆಗೆ, ಅಂದರೆ ಮಕ್ಕಳಿಗೆ ಹಸಿವಾಗುವ ಹೊತ್ತು. ಅಭ್ಯಾಸದ ಪರೀಕ್ಷೆಯನ್ನೂ ಭಾನುವಾರ ಇದೇ ವೇಳೆಗೆ ಇಡಿ. ಆ ದಿನ ಹತ್ತು ಗಂಟೆಯ ಹೊತ್ತಿಗೆ ಎರಡು ಇಡ್ಲಿಯೋ ಅನ್ನ-ಸಾರೋ ಹೊಟ್ಟೆಗೆ ಬಿದ್ದಿರಲಿ. ಪ್ರವೇಶಪತ್ರದ ಎರಡು ಪ್ರತಿ, ಆಗಲೇ ಬರೆದು ನೋಡಿದ ಎರಡು ಪೆನ್ನು ಚೀಲದಲ್ಲಿರಲಿ. ಹೊಸ ಪೆನ್ನು ಬೇಡ, ಮೊದಲ ಹತ್ತು ವೃತ್ತ ಅದರಿಂದ ಮಸಿ ಬರಿಸುವುದರಲ್ಲೇ ಕಳೆಯುತ್ತದೆ.

ನಮಸ್ಕಾರ.